ಚಾಪಿ ಬಾಡಿಗಿ

ಚಾಪಿಗೆ ದಿನಕ್ಕ ನೂರೈವತ್ತು. ಬೂಟು ಬೇಕಂದ್ರ ಬ್ಯಾರೆ.
ಇಲ್ಲಿ ಹೆಸರು ಬರೀರಿ, ಯಾವೂರು ಅಂತನೂ.
ಕೈಗೆ ಹಚ್ಚೋ ಪುಡಿ ಐತಲ್ಲ ನಿಮ್ಮ ಹತ್ರ? ಆತು.
ಇನ್ನ ಈ ಡಬ್ಬಿ ಹಿಡೀರಿ.
ಇದಕ್ಕ ರೊಕ್ಕ ಇಲ್ಲ.

ಮೂಸಿ ನೋಡಬ್ಯಾಡ್ರಿ, ತೊಳದೈತಿ.
ಬಣ್ಣದ ಡಬ್ಬಿ, ಮುಚ್ಚಳ ಬಿಗಿ.
ಒಳಗ ಹಳೇ ಪೇಪರು, ಎರಡು ಹಿಡಿ ಒಲಿ ಬೂದಿ,
ಒಂದಿಷ್ಟು ಕಟ್ಟಿಗಿ ಹೊಟ್ಟು.
ಹೊಟ್ಟಿ ಯಾರನ್ನೂ ಕೇಳಿ ಕೆಡಂಗಿಲ್ಲ ನೋಡ್ರಿ.
ರಾತ್ರಿ ತಿಂದ ಮಿರ್ಚಿ
ನೀವು ಗುಂಡಿನ ಅರ್ಧಕ್ಕ ಏರಿದಾಗ ಕರೀತೈತಿ.

ತಗ್ಗು ತೋಡಿ ಮುಚ್ತೀನಿ ಅಂತೀರಿ.
ಎಲ್ಲಿ ತೋಡ್ತೀರಿ?
ಸಾಣಾಪುರದಾಗ ಮಣ್ಣು ಅಂದ್ರ ಕಲ್ಲಿನ ಮ್ಯಾಲಿನ ಧೂಳು.
ಗೇಣು ಕೆಳಗ ಮತ್ತ ಕಲ್ಲು,
ಅದರ ಕೆಳಗ ಅದರವ್ವ.
ಮೊದಲ ಮಳಿಗೆ ಎಲ್ಲಾ ತೊಳಕೊಂಡು
ಗದ್ದಿಗೆ ಇಳೀತೈತಿ,
ನಾಟಿ ಹಚ್ಚೋ ಹೆಣ್ಮಕ್ಕಳ ಮೊಣಕಾಲ ಮಟ.

ಹ್ವಾದ ಮಾಗ್ಯಾಗ ಫಕೀರವ್ವನ ಮ್ಯಾಕಿ ಮರಿ
ಬಾಯಾಗ ಬೆಳ್ಳಗ ಏನೋ ಕಚ್ಕೊಂಡು ಬಂತು.
ಬೆಳ್ಳಕ್ಕಿ ಪುಚ್ಚ ಅಂದ್ಕೊಂಡಳು ಮುದುಕಿ,
ಕಣ್ಣು ಮಂಜು, ಕೈಲೆ ಕಸ್ಕೊಂಡಳು.
ಕಾಗದ.
ಕಾಲುವ್ಯಾಗ ಮೂರು ಸಲ ಕೈ ತೊಳದಳು,
ಸಂಜಿತನ ರೊಟ್ಟಿ ಮುಟ್ಟಲಿಲ್ಲ.

ನಾವೂ ಬಯಲಿಗೆ ಹೋದವರಾ, ಸುಳ್ಳು ಯಾಕ,
ಚರಗಿ ಹಿಡ್ಕೊಂಡು, ಕತ್ತಲಿದ್ದಾಗ.
ಒಂದಿನ ಸೀಟಿ ಊದ್ಕೊಂತ ಬಂದ್ರು.
ಕುಂತಾಕಿನ್ನ ಎಬ್ಬಿಸಿ
ಬ್ಯಾಟರಿ ಬಿಟ್ಟು ಮಾರಿ ನೋಡಿದ್ರು. ನಮ್ಮವ್ವ ಆಕಿ.
ನಿಮಗ ಯಾರೂ ಸೀಟಿ ಊದಿಲ್ಲ.
ನಾನೂ ಊದಂಗಿಲ್ಲ.

ಮ್ಯಾಕಿ ಮಾತು ಚಾದಂಗಡಿಗೆ ಬಂತು.
ರೊಕ್ಕ ಕೂಡ್ಸಿ ಎತ್ತಿಸಿ ಬಿಡೋಣ ಅಂದ ಒಬ್ಬ.
ಎತ್ತಿಸೋದು ಅಂದ ಕೂಡ್ಲೆ,
ಯಾರೂ ಯಾರಿಗೂ ಹೇಳಲಾರದ,
ಎಲ್ಲಾರ ಕಣ್ಣು ನಮ್ಮ ಕೇರಿ ಕಡಿಗೆ ತಿರುಗಿದ್ವು.
ನಾನು ಅಲ್ಲೇ ನಿಂತಿದ್ದೆ, ಚಾ ಕೈಯಾಗ,
ಬೆರಳ ತುದಿಗೆ ಇನ್ನೂ ಪುಡಿಯ ಬಿಳುಪು.
ಹಿಂದಿನ ಸಂಜಿ ಅಷ್ಟ ಆನಿ ಗುಂಡು ಏರಿದ್ದೆ.
ಚಪ್ಪಾಳಿ ಹೊಡದವರು ಇವರಾ.

ನಮ್ಮಾಯಿ ದುರುಗವ್ವ ಗಂಗಾವತ್ಯಾಗ
ಹನ್ನೆರಡು ಮನಿ ಹಿತ್ತಲ ಬಾಗಿಲು ಬಲ್ಲಾಕಿ.
ಮುಂದಿನ ಬಾಗಿಲು ಹೆಂಗದಾವೋ ಆಕಿಗೆ ಗೊತ್ತಿಲ್ಲ.
ತಗಡು, ಬೂದಿ, ಬಿದಿರು ಬುಟ್ಟಿ, ತಲಿ ಮ್ಯಾಲ ಸಿಂಬಿ.
ಮಳಿಗಾಲದಾಗ ಬುಟ್ಟಿ ಸೋರ್ತಿತ್ತು ಅನ್ನೋಳು.
ಅದರ ಮುಂದಿನ ಮಾತು ಹೇಳ್ತಿದ್ದಿಲ್ಲ.
ಮದುವಿ ಮನ್ಯಾಗ ಯಾರರ ಮಲ್ಲಿಗಿ ಕೊಟ್ರ
ಕೈಯಾಗ ಹಿಡ್ಕೊಂಡು ಕುಂದರತಿದ್ಲು.
ಮುಡಕೋಬೇ ಅಂದ್ರ,
ಬ್ಯಾಡಪಾ, ಹೂವಿಗೆ ವಾಸನಿ ಹತ್ತತೈತಿ.

ಅವತ್ತ ಚಾ ಕೆಳಗಿಟ್ಟು ಅಂದೆ:
ಚಾಪಿ ಕೊಡಾಂವ ನಾನು. ಡಬ್ಬಿನೂ ನಾನಾ ಕೊಡ್ತೀನಿ.
ಹೊರೋದು ಹೇತವರಾ.
ಅಂಗಡಿಯಾಂವ ಸ್ಟೋವಿಗೆ ಗಾಳಿ ಹೊಡಕೊಂತ ನಿಂತ,
ಹೊಡದಾ ಹೊಡದ.

ತೂಕ ಎಷ್ಟು ಅಂತೀರಿ?
ತೂಗಿ ನೋಡೀನಿ, ನಂದನ್ನಾ.
ಬೂದಿ ಕೂಡಿ ಅರ್ಧ ಕೇಜಿ ಒಳಗ.
ನಿಮ್ಮ ನೀರಿನ ಬಾಟ್ಲಿಗಿಂತ ಹಗರ.
ಚಾಪಿ ಬೆನ್ನಿಗೆ ಕಟ್ಟಿಕೊಂಡು ಮೈಲಿ ನಡೆಯೋರಿಗೆ
ಇದೇನು ದೊಡ್ಡದಲ್ಲ.

ಮೊದಲನೇ ಸಲ ಒಬ್ಬ ಹುಡುಗ, ಪುಣೇದಾಂವ,
ಸಂಜಿಗೆ ಬಂದ ಡಬ್ಬಿ ಹಿಡ್ಕೊಂಡು,
ಹಾವು ಹಿಡದಾಂಗ, ಮೈಯಿಂದ ಮಾರು ದೂರ.
ಮಾರಿ ಕೆಂಪಗ.
ಹತ್ರ ಬಂದು ನನ್ನ ಕಡಿಗೆ ಚಾಚಿದ.
ಕೆಟ್ಟವ ಅಲ್ಲ ಅಂವ, ರೂಢಿ.
ನಾನು ಕೈ ಚಾಚಲಿಲ್ಲ.
ಇಬ್ಬರೂ ಹಂಗಾ ನಿಂತಿವಿ,
ಕೆರಿ ಮ್ಯಾಲಿನ ಬೆಳಕು ಆರೋತನ.
ಆಮ್ಯಾಲ ಅಂವನಾ ಕೇಳಿದ: ಎಲ್ಲಿ?

ಅಗಾ, ಆ ಹುಣಸಿ ಗಿಡದ ಹಿಂದ.
ನಾನಾ ತೋಡಿದ ಗುಂಡಿ, ಆಳುದ್ದ; ಅಲ್ಲಿ ಮಣ್ಣೈತಿ.
ಸುರುವ್ರಿ, ಬೂದಿ ಹಾಕ್ರಿ, ಡಬ್ಬಿ ತೊಳೀರಿ,
ನಳ ಬಾಜೂಕ ಐತಿ, ಸಬಕಾರ ಐತಿ.
ಗುಂಡಿ ತುಂಬಿದ್ರ ಮುಚ್ಚಿ ವರ್ಷ ಬಿಡ್ತೀನಿ.
ಮುಂದ ಪಪ್ಪಾಯಿ ಹಚ್ಚಬೇಕಂತ ಐತಿ.

ಚಾಪಿ ಸಂಜಿಗೆ ನನ್ನ ಕೈಯಾಗ ಕೊಡ್ರಿ.
ಡಬ್ಬಿ ಅಲ್ಲ.
ಹೋಗ್ರಿ ಇನ್ನ, ಬಿಸಲು ಏರಾಕ ಹತ್ತೈತಿ.
ಕಲ್ಲು ಕಾದ್ರ
ಬೆರಳು ನಿಲ್ಲಂಗಿಲ್ಲ.